‘ಮೇಣ ಕರಗಿಸಿ’ ಅಂದರೆ ಒಲೆಯ ಮೇಲೆ ಇಡಬೇಕಾ?

ಗೆಳೆಯರೇ, ಒಂದು ಪದದ ಬಗ್ಗೆ ನಿಮ್ಮ ನೆರವು ಬೇಕು. ಪದ ಹೊಸದೇನಲ್ಲ, ದಿನಾ ಬಳಸುವುದೇ: ಕರಗಿಸು.

ಮರದ ಸಾಮಾನಿಗೆ ಹೊಳಪು ಬರಲು ಹಚ್ಚುವ ಪೇಸ್ಟ್ ವ್ಯಾಕ್ಸ್ ಬಗ್ಗೆ ಒಂದು ಚಿಕ್ಕ ಟಿಪ್ಪಣಿ ಬರೆಯುತ್ತಿದ್ದೆ. ಬಣ್ಣ ತೆಳ್ಳಗೆ ಮಾಡಲು ಬಳಸುವ ಟರ್ಪಂಟೈನ್ ಎಣ್ಣೆಯಲ್ಲಿ ಮೇಣ ಬೆರೆಸಿ ಮಾಡಿದ ಮೆತ್ತನೆಯ ಪಾಲಿಶ್ ಅದು. ಡಬ್ಬಿಯಲ್ಲೇ ಒಣಗಿಹೋದ ಮೇಣವನ್ನು ಮತ್ತೆ ಹದಕ್ಕೆ ತರುವುದು ಹೇಗೆ ಅನ್ನುವುದು ವಿಷಯ. ‘ಸ್ವಲ್ಪ ಟರ್ಪಂಟೈನ್ ಹಾಕಿ ಮೇಣ ಕರಗಿಸಿ’ ಎಂದು ಬರೆದೆ. ಓದಿದ ಗೆಳೆಯರೊಬ್ಬರು ಕೇಳಿದರು: ‘ಎಷ್ಟು ಹೊತ್ತು ಒಲೆಯ ಮೇಲೆ ಇಡಬೇಕು?’

ಎದೆ ಧಸಕ್ಕೆಂದಿತು. ಜೇನುಮೇಣ ಬಿಸಿಗೆ ಕರಗುವುದು 62ರಿಂದ 64 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಪಾಲಿಶ್‌ಗೆ ಬೆರೆಸುವ ಇನ್ನೊಂದು ಮೇಣ, ತಾಳೆ ಜಾತಿಯ ಮರದ ಎಲೆಯಿಂದ ಬರುವ ಕಾರ್ನೂಬಾಕ್ಕೆ 80 ಡಿಗ್ರಿಗಿಂತ ಜಾಸ್ತಿ ಬೇಕು. ಆದರೆ ಟರ್ಪಂಟೈನ್ ಆವಿಗೆ ಕಿಡಿ ತಾಗಿದರೆ ಸುಮಾರು 35 ಡಿಗ್ರಿಯಲ್ಲೇ ಹೊತ್ತಿಕೊಳ್ಳುತ್ತದೆ. ಮೇಣ ಕರಗುವ ಎಷ್ಟೋ ಮೊದಲೇ ಬೆಂಕಿ ಅಲ್ವಾ?

ತಪ್ಪು ಅವರದಲ್ಲ, ನಾನು ಆರಿಸಿದ ಪದದ್ದು. ಮಂಜುಗಡ್ಡೆ ಬಿಸಿಲಿಗೆ ಕರಗುತ್ತದೆ, ಉಪ್ಪು ನೀರಲ್ಲಿ ಕರಗುತ್ತದೆ. ಮೊದಲನೆಯದಕ್ಕೆ ಬಿಸಿ ಬೇಕು, ಎರಡನೆಯದಕ್ಕೆ ಬೇಡ. ನಮಗೆ ಎರಡಕ್ಕೂ ಒಂದೇ ಮಾತು. ಮೋಡವೂ ಕರಗುತ್ತದೆ, ಮನಸ್ಸೂ ಕರಗುತ್ತದೆ, ಕೂಡಿಟ್ಟ ಹಣವೂ ಕರಗುತ್ತದೆ. ಮಾತಿನ ಸಂದರ್ಭ ನೋಡಿ ಅರ್ಥ ಹಿಡಿಯುತ್ತೇವೆ, ತೊಂದರೆ ಆಗುವುದಿಲ್ಲ. ಆದರೆ ಮೇಣ ಅಂದ ಕೂಡಲೇ ಎಲ್ಲರಿಗೂ ನೆನಪಾಗುವುದು ಮೇಣದಬತ್ತಿ. ಹಾಗಾಗಿ ‘ಕರಗಿಸು’ ಅಂದರೆ ಕೈ ಸೀದಾ ಬೆಂಕಿಯ ಕಡೆ ಹೋಗುತ್ತದೆ.

ಡಬ್ಬಿಯಲ್ಲಿ ನಿಜಕ್ಕೂ ಆಗಿರುವುದೇನು ಅಂತ ನೋಡಿದರೆ ಪದ ಸಿಗಬಹುದು ಅನ್ನಿಸಿತು. ಮುಚ್ಚಳ ಸರಿಯಾಗಿ ಕೂತಿಲ್ಲ, ಟರ್ಪಂಟೈನ್ ಮೆಲ್ಲಗೆ ಆವಿಯಾಗಿ ಹೋಗಿದೆ. ಮೇಣ ಕುಗ್ಗಿ ಡಬ್ಬಿಯ ಅಂಚಿನಿಂದ ಬಿಟ್ಟುಕೊಂಡಿದೆ. ಮೇಲೆ ಬತ್ತಿದ ಕೆರೆಯಂಗಳದ ಹಾಗೆ ಬಿರುಕು. ಬೆರಳಲ್ಲಿ ಒತ್ತಿದರೆ ಪುಡಿ ಉದುರುತ್ತದೆ. ಆದರೆ ಮೇಣ ಕೆಟ್ಟಿಲ್ಲ. ಬತ್ತಿದ್ದು ಟರ್ಪಂಟೈನ್ ಮಾತ್ರ. ಅದನ್ನೇ ತುಸು ತುಸು ಸೇರಿಸಿ, ಮೇಣವನ್ನು ಚೂರು ಮಾಡಿ, ಮುಚ್ಚಳ ಬಿಗಿದು ಒಂದು ರಾತ್ರಿ ಬಿಟ್ಟರೆ ಸಾಕು. ಬೆಳಿಗ್ಗೆ ಕಡ್ಡಿಯಿಂದ ಕಲಸಿದರೆ ಬೆಣ್ಣೆಯ ಹದಕ್ಕೆ ಬಂದಿರುತ್ತದೆ. ಇನ್ನೂ ಗಂಟು ಉಳಿದಿದ್ದರೆ ಮತ್ತೊಂದು ಚಮಚ, ಮತ್ತೊಂದು ರಾತ್ರಿ. ಡಬ್ಬಿಯ ಮೇಲೆ ಟರ್ಪಂಟೈನ್ ಬದಲು ಮಿನರಲ್ ಸ್ಪಿರಿಟ್ (ಪೆಟ್ರೋಲಿಯಂನಿಂದ ತೆಗೆದ, ಅದೇ ಕೆಲಸದ ದ್ರವ) ಅಂತ ಬರೆದಿದ್ದರೆ ಅದನ್ನೇ ಹಾಕುವುದು ಒಳ್ಳೆಯದು.

ಇಲ್ಲಿ ಇನ್ನೊಂದು ಚೆಂದದ ಸಂಗತಿ ಕಂಡಿತು. ಮರಕ್ಕೆ ಹಚ್ಚಿದ ಮೇಲೆ ‘ಮೇಣ ಆರಲು ಬಿಡಿ’ ಅನ್ನುತ್ತೇವೆ. ಅದೇ ಮೇಣ ಡಬ್ಬಿಯಲ್ಲಿದ್ದರೆ ‘ಒಣಗಿದೆ’. ಎರಡು ಕಡೆಯೂ ಆಗುವುದು ಒಂದೇ, ಟರ್ಪಂಟೈನ್ ಹಾರಿಹೋಗುವುದು. ಆದರೂ ಪದ ಬದಲಾಗುತ್ತದೆ. ನೆಲ ಆರುತ್ತದೆ, ಒದ್ದೆ ಕೈ ಆರುತ್ತದೆ. ಗಿಡ ಮಾತ್ರ ಒಣಗುತ್ತದೆ, ಗಿಡ ಆರಿತು ಅಂತ ಯಾರೂ ಹೇಳುವುದಿಲ್ಲ. ಮೇಲಿನ ತೇವ ಹೋದರೆ ಆರುವುದು, ಒಳಗಿನ ಪಸೆಯೇ ಹೋದರೆ ಒಣಗುವುದು ಅಂತ ನನ್ನ ಊಹೆ. ಇಷ್ಟು ಸಣ್ಣ ವ್ಯತ್ಯಾಸ ಹಿಡಿದಿಟ್ಟ ಭಾಷೆ ‘ಕರಗು’ ವಿಷಯದಲ್ಲಿ ಮಾತ್ರ ಹೀಗೇಕೆ ಬಿಟ್ಟಿತು?

ಈಗ ಟಿಪ್ಪಣಿ ತಿದ್ದಬೇಕು. ‘ವಿಲೀನಗೊಳಿಸಿ’ ಅಂತ ಬರೆದರೆ ಪಾಠದ ಪುಸ್ತಕದ ಹಾಗಾಗುತ್ತದೆ, ಕೆಲಸ ಮಾಡುವವರಿಗೆ ಬೇಡ. ‘ತೆಳ್ಳಗೆ ಮಾಡಿ’ ಅಂದರೆ ಬಣ್ಣದ ಹಾಗೆ ನೀರಾಗಿಸಿಬಿಡುತ್ತಾರೆ. ‘ನೆನೆಸಿ’ ನನಗೆ ಇಷ್ಟ. ಅದರಲ್ಲಿ ಬೆಂಕಿ ಇಲ್ಲ, ಕಾಯುವುದು ಇದೆ. ಆದರೆ ನೆನೆಸುವುದು ಅಂದರೆ ಮುಳುಗುವಷ್ಟು ಸುರಿಯುವುದು ಅಂತಲೂ ಆಗುತ್ತದಲ್ಲ? ಇಲ್ಲಿ ಬೇಕಿರುವುದು ಒಂದೆರಡು ಚಮಚ ಅಷ್ಟೇ. ಸದ್ಯಕ್ಕೆ ‘ಚಮಚದಷ್ಟು ಟರ್ಪಂಟೈನ್ ಹಾಕಿ, ರಾತ್ರಿಯಿಡೀ ನೆನೆಯಲು ಬಿಟ್ಟು, ಕಲಸಿ ಹದಕ್ಕೆ ತನ್ನಿ. ಒಲೆಯ ಹತ್ತಿರ ಒಯ್ಯಬೇಡಿ’ ಎಂದು ಬರೆದಿದ್ದೇನೆ.

ಬಿಸಿ ಇಲ್ಲದೆ ಕರಗಿಸುವುದಕ್ಕೆ ನಿಮ್ಮ ಕಡೆ ಬೇರೆ ಪದ ಇದೆಯಾ? ಮರಗೆಲಸದವರು, ಪಾಲಿಶ್ ಮಾಡುವವರು ಆಡುವ ಮಾತಾದರೆ ಇನ್ನೂ ಒಳ್ಳೆಯದು.