ಮೃಗದ ಗುರುತು ರೇಷನ್ ಮಷೀನಿನಲ್ಲಿ ಇಲ್ಲ

ತಮ್ಮಾ, ನೀನು ಬೆಳಗಾವಿಯಿಂದ ಗ್ರೂಪಿಗೆ ಹಾಕಿದ ವಿಡಿಯೋ ಪೂರ್ತಿ ನೋಡಿದೆ. ಆಧಾರ್, ಬೆರಳಚ್ಚು, ಕ್ಯೂಆರ್ ಕೋಡ್, ಇವೇ ಬೈಬಲಿನ ಕೊನೆಯ ಪುಸ್ತಕವಾದ ಪ್ರಕಟನೆಯ ಮೃಗದ ಗುರುತು, ಅದನ್ನು ಹಾಕಿಸಿಕೊಂಡರೆ ದೇವರನ್ನು ಬಿಟ್ಟಂತೆ ಎಂದು ಅದರಲ್ಲಿ ಹೇಳಿದ್ದಾರೆ. ಒಂಬತ್ತನೇ ಅಧ್ಯಾಯದ ಮಿಡತೆಗಳು ಡ್ರೋನ್ ಅಂತೆ. ಟೈಪ್ ಮಾಡುತ್ತಾ ಕೂತರೆ ಮುಗಿಯುವುದಿಲ್ಲ, ಅದಕ್ಕೇ ಮಾತಾಡಿ ಕಳಿಸುತ್ತಿದ್ದೇನೆ. ಸ್ವಲ್ಪ ಉದ್ದ ಆಗಬಹುದು, ಸಮಾಧಾನವಾಗಿ ಕೇಳು.

ಮೊನ್ನೆ ಇಲ್ಲಿ ಗುಳೇದಗುಡ್ಡದಲ್ಲಿ ನಮ್ಮವ್ವನನ್ನು, ಅಂದರೆ ನಿನ್ನ ಆಯಿಯನ್ನು, ರೇಷನ್ ಅಂಗಡಿಗೆ ಕರೆದುಕೊಂಡು ಹೋಗಿದ್ದೆ. ಪಾಳಿ ಬಂತು. ಅಂಗಡಿಯವರು ಮಷೀನ್ ಮುಂದೆ ಸರಿಸಿದರು. ಅವ್ವ ಬಲಗೈಯನ್ನು ಸೆರಗಿನೊಳಗೆ ಮುಚ್ಚಿಕೊಂಡು ನಿಂತುಬಿಟ್ಟಳು. "ಹೆಬ್ಬೆರಳು ಇಟ್ಟರೆ ಸ್ವಾಮಿಯನ್ನು ಬಿಟ್ಟಂಗ ಆಗ್ತದೇನು?" ಎಂದು ನನ್ನ ಮುಖ ನೋಡಿದಳು. ಜನ್ಮಪೂರ್ತಿ ಪ್ರಾರ್ಥನೆ ತಪ್ಪಿಸದ ಹೆಂಗಸು ಅಕ್ಕಿ ತರುವ ಜಾಗದಲ್ಲಿ ತನ್ನ ರಕ್ಷಣೆ ಹೋಗುತ್ತದೆ ಎಂದು ಹೆದರಿ ನಿಂತಿದ್ದಳು. ನನಗೆ ಹೊಟ್ಟೆ ಉರಿಯಿತು.

ಈಗ ಸತ್ಯವೇದ ತೆಗೆ. ಗುರುತಿನ ಮಾತು ಬರುವುದು ಪ್ರಕಟನೆ 13ನೇ ಅಧ್ಯಾಯದ ಕೊನೆಯಲ್ಲಿ. ಬಲಗೈ ಮೇಲಾಗಲಿ ಹಣೆಯ ಮೇಲಾಗಲಿ ಗುರುತು ಎಂದಿದೆ. ವಿಡಿಯೋದವರು ಅಲ್ಲಿಗೇ ನಿಲ್ಲಿಸಿದ್ದಾರೆ. ನೀನು ಮುಂದಿನ ವಚನ ಓದು, 14ರ ಮೊದಲನೆಯದು. ಚೀಯೋನ್ ಬೆಟ್ಟದ ಮೇಲೆ ಯಜ್ಞದ ಕುರಿಯಾದಾತನು, ಅಂದರೆ ಯೇಸುಸ್ವಾಮಿ, ನಿಂತಿದ್ದಾನೆ. ಜೊತೆಗೆ 1,44,000 ಜನ. ಅವರ ಹಣೆಯ ಮೇಲೂ ಬರಹ ಇದೆ: ಆತನ ಹೆಸರು, ಆತನ ತಂದೆಯ ಹೆಸರು. ಇದನ್ನು ಯಾರೂ ಚಿಪ್ ಅನ್ನುವುದಿಲ್ಲ ಅಲ್ವಾ? ಇವರು ದೇವರಿಗೆ ಸೇರಿದವರು ಎಂದೇ ಓದುತ್ತೇವೆ. ಹಾಗಿದ್ದರೆ ಬೆನ್ನಿಗೇ ಇರುವ ಇನ್ನೊಂದು ಗುರುತು ಮಾತ್ರ ಮಷೀನ್ ಹೇಗಾಯಿತು?

ಈ ಕೈ, ಹಣೆಯ ಮಾತು ಪ್ರಕಟನೆ ಬರೆದ ಯೋಹಾನನಿಗಿಂತ ಬಹಳ ಹಳೆಯದು. ಹಳೆಯ ಒಡಂಬಡಿಕೆಯ ಧರ್ಮೋಪದೇಶಕಾಂಡದ 6ನೇ ಅಧ್ಯಾಯದಲ್ಲಿ ದೇವರ ಆಜ್ಞೆಗಳನ್ನು ಕೈಗೆ ಕಟ್ಟಿಕೊಳ್ಳಿ, ಹಣೆಯಲ್ಲಿ ಇಟ್ಟುಕೊಳ್ಳಿ ಎಂದಿದೆ. ಯೆಹೆಜ್ಕೇಲ 9ರಲ್ಲಿ ಯೆರೂಸಲೇಮಿನ ಅನ್ಯಾಯ ನೋಡಿ ನರಳುವವರ ಹಣೆಗೆ ಗುರುತು ಹಾಕಿಸುತ್ತಾನೆ ದೇವರು. ಕೈ ಅಂದರೆ ನಾವು ಮಾಡುವ ಕೆಲಸ, ಹಣೆ ಅಂದರೆ ನಮ್ಮ ಮನಸ್ಸು ಎಂದು ನಾನು ಓದುತ್ತೇನೆ. ನೀನು ಯಾರ ಪಾಲಿನವನು ಎಂಬುದೇ ಅಲ್ಲಿಯ ಪ್ರಶ್ನೆ. 14:9 ನೋಡು, ಗುರುತಿನ ಜೊತೆ ಮೃಗದ ಆರಾಧನೆಯೂ ಸೇರಿಕೊಂಡೇ ಬರುತ್ತದೆ. ಗೊತ್ತಿಲ್ಲದೆ ಹೆಬ್ಬೆರಳು ಒತ್ತಿ ಯಾರೂ ಆರಾಧನೆ ಮಾಡಿದ ಹಾಗೆ ಆಗುವುದಿಲ್ಲ.

ಗುರುತು ಇಲ್ಲದವರು ಕೊಳ್ಳುವ ಹಾಗಿಲ್ಲ, ಮಾರುವ ಹಾಗಿಲ್ಲ ಎಂಬ ಮಾತೂ ಇದೆಯಲ್ಲ ಎಂದು ನೀನು ಕೇಳುತ್ತೀ. ಇದೆ. ಅದನ್ನು ಮೊದಲು ಕೇಳಿಸಿಕೊಂಡವರು ಯಾರು ಎಂದು ನೋಡು. ಪುಸ್ತಕ ಹೋಗಿದ್ದು ಆಸ್ಯಸೀಮೆಯ, ಅಂದರೆ ಈಗಿನ ಟರ್ಕಿಯ ಪಶ್ಚಿಮ ಭಾಗದ, ಏಳು ಸಭೆಗಳಿಗೆ. ಅದರಲ್ಲಿ ಥುವತೈರ ಒಂದು. ಫಿಲಿಪ್ಪಿಯಲ್ಲಿ ಪೌಲನ ಮಾತು ಕೇಳಿ ನಂಬಿದ ಲುದ್ಯಳ ಊರು, ಧೂಮ್ರವರ್ಣದ ಬಟ್ಟೆ ಮಾರುತ್ತಿದ್ದವಳು. ಬಣ್ಣ ಹಾಕುವವರು, ಉಣ್ಣೆಯವರು, ಚರ್ಮದವರು, ಒಬ್ಬೊಬ್ಬರದೂ ಒಂದು ಸಂಘ ಇತ್ತು ಎಂದು ಆ ಊರಿನ ಶಾಸನಗಳು ಹೇಳುತ್ತವೆ. ಇಂಥ ಸಂಘದ ಊಟ ಅಂದರೆ ಸಾಮಾನ್ಯವಾಗಿ ವಿಗ್ರಹಕ್ಕೆ ಎಡೆ ಮಾಡಿದ ಊಟ. ಏಳರಲ್ಲಿ ಇನ್ನೊಂದಾದ ಪೆರ್ಗಮದಲ್ಲಂತೂ ಕ್ರಿ.ಪೂ. 29ರಲ್ಲೇ ಅಗಸ್ಟಸ್ ಚಕ್ರವರ್ತಿಗೆ ಗುಡಿ ಕಟ್ಟಲು ಅಪ್ಪಣೆ ಸಿಕ್ಕಿತ್ತು. ಇಂಥ ಕಡೆ ಪೂಜೆಗೆ ಕೈ ಜೋಡಿಸದವನ ವ್ಯಾಪಾರ ಏನಾಗಬೇಕು? ಖಣ ನೇಯುವ ನಮ್ಮೂರಲ್ಲಿ ನೂಲು ಕೊಡುವವನೂ ಮುಖ ತಿರುಗಿಸಿ, ಖಣ ಕೊಳ್ಳುವವನೂ ಮುಖ ತಿರುಗಿಸಿದರೆ ಮಗ್ಗದ ಮುಂದೆ ಕೂತವನ ಗತಿ ಏನು, ನೀನೇ ಹೇಳು. ಆ ಸಭೆಯವರಿಗೆ ಇದು ಆವತ್ತಿನ ಹೊಟ್ಟೆಪಾಡಿನ ಮಾತಾಗಿತ್ತು. ಎರಡು ಸಾವಿರ ವರ್ಷದ ಆಚೆಯ ಕ್ಯೂಆರ್ ಕೋಡ್ ಬಗ್ಗೆ ಬರೆದಿದ್ದರೆ ಅವರಿಗೆ ಏನು ಧೈರ್ಯ ಸಿಗುತ್ತಿತ್ತು?

ಮೃಗವೂ ಹಾಗೇ. ದಾನಿಯೇಲ 7ರಲ್ಲಿ ಸಿಂಹ, ಕರಡಿ, ಚಿರತೆ, ಹತ್ತು ಕೊಂಬಿನದು, ನಾಲ್ಕು ಬೇರೆ ಬೇರೆ ಮೃಗ. ಅವು ರಾಜರು ಎಂದು ಅದೇ ಅಧ್ಯಾಯದಲ್ಲಿ ದಾನಿಯೇಲನಿಗೆ ಅರ್ಥ ಬಿಡಿಸಿ ಹೇಳಲಾಗಿದೆ. ಯೋಹಾನ ನಾಲ್ಕನ್ನೂ ಒಂದೇ ಮೈಯಲ್ಲಿ ಕಾಣುತ್ತಾನೆ. ಚಿರತೆಯ ಮೈ, ಕರಡಿಯ ಕಾಲು, ಸಿಂಹದ ಬಾಯಿ, ಹತ್ತು ಕೊಂಬು. ದೇವರ ಜಾಗದಲ್ಲಿ ತಾನೇ ಕೂರುವ ರಾಜ್ಯಾಧಿಕಾರ ಅದು. ಆಗ ಅದು ರೋಮ್.

13ರ ಕೊನೆಯಲ್ಲಿ ಮೃಗದ ಅಂಕಿ ಎಂದು ಬರುವ 666 ಬಗ್ಗೆ ಜಾಸ್ತಿ ಕಥೆ ಕಟ್ಟುತ್ತಾರೆ. ಹೀಬ್ರೂವಿನಲ್ಲಿ ಅಕ್ಷರಗಳೇ ಅಂಕಿಗಳೂ ಹೌದು. ರೋಮಿನ ಚಕ್ರವರ್ತಿ ನೀರೋ ಕೈಸರನ ಹೆಸರನ್ನು ಗ್ರೀಕರು ಹೇಳುವಂತೆ 'ನೆರೋನ್' ಎಂದು ಹೀಬ್ರೂವಿನಲ್ಲಿ ಬರೆದು ಕೂಡಿಸಿದರೆ 666 ಬರುತ್ತದೆ. ಕೆಲವು ಹಳೆಯ ಹಸ್ತಪ್ರತಿಗಳಲ್ಲಿ 616 ಇದೆ. ಲ್ಯಾಟಿನ್ ರೀತಿಯಲ್ಲಿ ಕೊನೆಯ 'ನ್' ಬಿಟ್ಟರೆ 50 ಕಡಿಮೆಯಾಗಿ ಸರಿಯಾಗಿ 616 ಬರುತ್ತದೆ. ಅದಕ್ಕೇ ಬಹಳ ಪಂಡಿತರು ನೀರೋನನ್ನು ಹೇಳುವುದು. ನನಗೂ ಅದೇ ಸರಿ ಅನಿಸುತ್ತದೆ. ಎರಡನೇ ಶತಮಾನದಲ್ಲೇ ಐರೇನಿಯಸ್ ಎಂಬ ಬಿಷಪ್ ಈ ಅಂಕಿಗೆ ಹೆಸರು ಹಚ್ಚಲು ಅವಸರ ಮಾಡಬೇಡಿ ಎಂದು ಬರೆದಿದ್ದರು. ಇವತ್ತಿನ ವಿಡಿಯೋದವರು ವಾರಕ್ಕೊಂದು ಹೆಸರು ಹಚ್ಚುತ್ತಾರೆ.

ವಿಡಿಯೋದವರು ಡ್ರೋನ್ ಅಂದ ಮಿಡತೆಗೆ ಹಳೆಯ ಒಡಂಬಡಿಕೆಯ ಪ್ರವಾದಿ ಯೋವೇಲನ ಎರಡನೇ ಅಧ್ಯಾಯ ಸಾಕು. ಕುದುರೆಯಂಥ ರೂಪ, ರಥದಂಥ ಸದ್ದು, ಎಲ್ಲ ಅಲ್ಲೇ ಇದೆ.

ಹಾಗಾದರೆ ಕಾಕಾ ಕರ್ತನ ಬರುವಿಕೆ ನಂಬುವುದಿಲ್ಲವೇ ಎಂದು ಸುಮ್ನೆ ಅನುಮಾನ ಪಡಬೇಡ. ನಂಬುತ್ತೇನೆ, ಕಾಯುತ್ತೇನೆ. ರೋಮ್ ಹೋಯಿತೆಂದು ಮೃಗದ ಕಾಟ ತೀರಿತು ಎಂದೂ ನಾನು ಹೇಳುವುದಿಲ್ಲ. ಆದರೆ ಆ ದಿನ, ಆ ಗಳಿಗೆ ಯಾರಿಗೂ ತಿಳಿಯದು ಎಂದು ಯೇಸುಸ್ವಾಮಿಯೇ ಹೇಳಿದ್ದಾನೆ. ಅಮೆರಿಕದಲ್ಲಿ ವಿಲಿಯಂ ಮಿಲ್ಲರ್‌ನ ಕಡೆಯವರು ದಾನಿಯೇಲನ ಲೆಕ್ಕ ಹಾಕಿ ಕರ್ತನು ಬರುವ ದಿನ 1844ರ ಅಕ್ಟೋಬರ್ 22 ಎಂದು ನಂಬಿದ್ದರು. ಹೊಲದ ಬೆಳೆ ಕೊಯ್ಯದೆ ಬಿಟ್ಟವರೂ ಇದ್ದರು. ದಿನ ಕಳೆಯಿತು. ಎಷ್ಟೋ ಜನರ ವಿಶ್ವಾಸವೇ ಮುರಿಯಿತು.

ಒಂದು ಕೆಲಸ ಮಾಡು. ಆ ವಿಡಿಯೋವನ್ನು ಗ್ರೂಪಿನಿಂದ ತೆಗೆದುಬಿಡು. ಆಯಿಗೆ ನೀನೇ ಫೋನ್ ಮಾಡಿ ಹೇಳು, ನಾನು ಹೇಳಿದ್ದಕ್ಕಿಂತ ಮೊಮ್ಮಗ ಹೇಳಿದರೆ ಬೇಗ ನಂಬುತ್ತಾಳೆ. ಭಾನುವಾರದೊಳಗೆ ದಾನಿಯೇಲ 7, ಪ್ರಕಟನೆ 13, 14 ಮೂರನ್ನೂ ಒಟ್ಟಿಗೆ ಓದಿಟ್ಟುಕೋ. ಆಮೇಲೆ 17ನೇ ಅಧ್ಯಾಯ ನಾವಿಬ್ಬರೂ ಓದೋಣ. ನೀರು ಅಂದರೆ ಜನಾಂಗಗಳು, ಹೆಂಗಸು ಅಂದರೆ ಮಹಾನಗರ ಎಂದು ಅಲ್ಲಿ ದೂತನೇ ಅರ್ಥ ಹೇಳಿಕೊಡುತ್ತಾನೆ. ಸಭೆ ಮುಗಿದ ಮೇಲೆ ಫೋನ್ ಹಚ್ಚು, ನಾನು ಮನೆಯಲ್ಲೇ ಇರುತ್ತೇನೆ.