ಯಾಡಿ ಬಿಪಿ ಮಾತ್ರೆ ಬಿಟ್ಟುಬಿಡುತ್ತಾಳೆ, ನಿಮ್ಮ ಮನೆಯಲ್ಲಿ ಏನು ಮಾಡಿದಿರಿ?

ನ್ಯಾಮತಿ ಕಡೆಯಿಂದ ಕೇಳಿದ್ದು:
ನಮ್ಮದು ಲಂಬಾಣಿ ತಾಂಡಾ. ಯಾಡಿಗೆ, ಅಂದರೆ ಅವ್ವನಿಗೆ, 56 ವರ್ಷ. ಎರಡು ವರ್ಷದಿಂದ ಬಿಪಿ. ತಲೆ ಸುತ್ತಿದ ದಿನ ಮಾತ್ರೆ ನುಂಗುತ್ತಾಳೆ, ಇಲ್ಲದಿದ್ದರೆ ಇಲ್ಲ. ಕಾಫಿ ಕೊಯ್ಲಿಗೆ ಚಿಕ್ಕಮಗಳೂರು ಕಡೆ ಹೋದರಂತೂ ಮೂರು ತಿಂಗಳು ಮಾತ್ರೆಯ ಸುದ್ದಿಯೇ ಇಲ್ಲ. ಹೋದ ವಾರ 180/100 ಬಂತು. "ನನಗೇನಾಗಿದೆ, ಗಟ್ಟಿ ಇದ್ದೀನಿ" ಅಂತಾಳೆ. ಯಾರಾದರೂ ದಾರಿ ಹೇಳಿ.

ಚನ್ನಗಿರಿ ಕಡೆಯ ತಾಂಡಾದವನು, ಈಗ ದಾವಣಗೆರೆಯಲ್ಲಿದ್ದೇನೆ:
ತಮ್ಮಾ, ನಮ್ಮ ಯಾಡಿಯೂ ಹೀಗೇ ಅಂತಿದ್ದಳು. ಒಂದು ದಿನ ಬೆಳಗ್ಗೆ ರೊಟ್ಟಿ ತಟ್ಟುತ್ತಿದ್ದಳು. ಬಲಗೈ ತಟ್ಟುತ್ತಲೇ ಇದೆ, ಎಡಗೈ ರೊಟ್ಟಿ ತಿರುಗಿಸುತ್ತಿಲ್ಲ. ಒಂದೇ ಕಡೆ ತೆಳ್ಳಗಾಗಿ ರೊಟ್ಟಿ ಹರಿಯಿತು. ಏನಾಯ್ತು ಅಂತ ಕೇಳಿದರೆ ಮಾತು ತೊದಲು, ಬಾಯಿ ಓರೆ. ತಕ್ಷಣ 108ಕ್ಕೆ ಫೋನ್ ಮಾಡಿದೆವು. ಬದುಕಿದಳು. ಎಡಗೈ ಮಾತ್ರ ಇವತ್ತಿಗೂ ಪೂರ್ತಿ ಬಂದಿಲ್ಲ. ಅದಕ್ಕೂ ಮುಂಚೆ ಒಂದು ದಿನವೂ ತಲೆನೋವು ಅಂದವಳಲ್ಲ. ಬಿಪಿ ಹೇಳಿ ಬರುವುದಿಲ್ಲ.

ಬೈದರೆ ಕೇಳುವುದಿಲ್ಲ, ನಾನು ಬೈದು ನೋಡಿದ್ದೇನೆ. ಸಂತೆಯ ಕನ್ನಡ ಅವಳಿಗೆ ಚೆನ್ನಾಗೇ ಬರುತ್ತದೆ. ಡಾಕ್ಟರ ಮುಂದೆ ಮಾತ್ರ ಎಲ್ಲದಕ್ಕೂ "ಹೂಂ". ಹತ್ತು ದಿನ ನುಂಗಿದರೆ ಜ್ವರದ ಹಾಗೆ ಇದೂ ಹೋಗುತ್ತದೆ ಅಂತಲೇ ತಿಳಿದಿದ್ದಳು. ಕೊನೆಗೆ ನಮ್ಮ ಚಿಕ್ಕಮ್ಮ ನಮ್ಮ ಲಂಬಾಣಿ ಮಾತಲ್ಲೇ ಹೇಳಿದಳು: ಮಾತ್ರೆ ಎತ್ತಿನ ಮೂಗುದಾರ ಇದ್ದ ಹಾಗೆ, ಹಿಡಿದಿರುವಷ್ಟು ಹೊತ್ತು ಎತ್ತು ನಿಲ್ಲುತ್ತದೆ. ಅವತ್ತಿನಿಂದ ಒಂದು ದಿನ ತಪ್ಪಿಸಿಲ್ಲ.

ಇನ್ನೊಂದು. ಅಳೆಯುವಾಗ ಮೊಣಕೈ ಮೇಲಿನ ಬಳೆ, ರವಿಕೆಯ ಬಿಗಿ ತೋಳು ಇದ್ದವಾ? ನಮ್ಮವಳಿಗೆ ಬಟ್ಟೆ ಮೇಲೇ ಪಟ್ಟಿ ಸುತ್ತಿದ್ದರು, ಅದೂ ನಡೆದುಬಂದ ಕೂಡಲೇ. ಹಾಗೆ ಅಳೆದರೆ ಜಾಸ್ತಿ ತೋರಿಸುತ್ತದೆ. ಐದು ನಿಮಿಷ ಒರಗಿ ಕೂರಿಸಿ, ಮಾತಾಡಿಸದೆ, ಬರಿ ತೋಳಿಗೆ ಕಟ್ಟಿಸಿ. ಅರ್ಧ ಗಂಟೆ ಮುಂಚೆ ಚಹಾ, ಕಡ್ಡಿಪುಡಿ ಬೇಡ. ಆಮೇಲೂ 140/90 ದಾಟಿದರೆ ಸುಮ್ನೆ ಕೂರಬೇಡಿ. ಕೊಯ್ಲಿಗೆ ಹೊರಡುವ ಮೊದಲೇ ಸರ್ಕಾರಿ ಆಸ್ಪತ್ರೆಯಲ್ಲಿ ಊರು ಬಿಟ್ಟು ಹೋಗುವ ವಿಷಯ ಹೇಳಿ, ಎಷ್ಟು ದಿನದ್ದು ಕೊಡುತ್ತಾರೋ ಕೇಳಿ. ಚೀಟಿಯ ಫೋಟೋ ಫೋನಲ್ಲಿರಲಿ. ಅಲ್ಲಿಯ ಆರೋಗ್ಯ ಕೇಂದ್ರದಲ್ಲೂ ಬಿಪಿ ಮಾತ್ರೆ ಪುಕ್ಕಟೆ ಸಿಗುತ್ತದೆ.

ಮೆಡಿಕಲ್ ಶಾಪ್‌ನಲ್ಲಿ ಕೆಲಸ ಮಾಡುವವಳು, ದಾವಣಗೆರೆ:
ಕೊಯ್ಲಿಂದ ಬಂದವರು ಮೈಕೈ ನೋವಿಗೆ ಡೈಕ್ಲೋಫೆನಾಕ್ ಕೇಳುತ್ತಾರೆ. ಅದು ಬಿಪಿ ಏರಿಸುತ್ತದೆ, ಕಿಡ್ನಿಗೂ ಒಳ್ಳೆಯದಲ್ಲ. ಅಮ್ಲೋಡಿಪಿನ್ ಅನ್ನುವ ಬಿಪಿ ಮಾತ್ರೆಯಿಂದ ಕೆಲವರಿಗೆ ಕಾಲು ಊದುತ್ತದೆ. ಅದಕ್ಕೇ ಬಿಟ್ಟಿದ್ದಾರಾ, ಕೇಳಿ ನೋಡಿ. ಡಾಕ್ಟರು ಬೇರೆ ಬರೆದುಕೊಡುತ್ತಾರೆ. ಸೈಂಧವ ಲವಣಕ್ಕೆ ದುಡ್ಡು ಸುರಿಯಬೇಡಿ, ಅದೂ ಉಪ್ಪೇ. ದಿನಕ್ಕೆ 5 ಗ್ರಾಂ, ಒಂದು ಟೀ ಚಮಚದೊಳಗೆ ಸಾಕು. ಬಾಳಕದ ಮೆಣಸಿನಕಾಯಿ, ಹಪ್ಪಳ, ಉಪ್ಪಿನಕಾಯಿಯ ಉಪ್ಪೂ ಇದೇ ಲೆಕ್ಕದಲ್ಲಿ. ನಮ್ಮೂರ ಮಂಡಕ್ಕಿ ಮಿರ್ಚಿಯನ್ನು ನಾನೇ ಬಿಟ್ಟಿಲ್ಲ, ಅದರ ಬಗ್ಗೆ ಏನೂ ಹೇಳುವುದಿಲ್ಲ.

ಒಬ್ಬರು:
ನಿಮ್ಮವರು ಖಾರ, ಸೆರೆ ಜಾಸ್ತಿ ಅಲ್ವಾ, ಅದಕ್ಕೇ ಬಿಪಿ.

ಚಿತ್ರದುರ್ಗದಿಂದ:
ಮೇಲಿನವರೇ, ಹೀಗೆ ಅನ್ನುತ್ತೀರಿ ಅಂತಲೇ ಜನ ಆಸ್ಪತ್ರೆ ಮೆಟ್ಟಿಲು ಹತ್ತುವುದಿಲ್ಲ. ಕುಡಿತ ಜಾಸ್ತಿಯಾದರೆ ಬಿಪಿ ಏರುತ್ತದೆ, ಯಾವ ಜಾತಿಯವರಿಗಾದರೂ. ನನ್ನ ತಂಗಿ ಇಂಗ್ಲೆಂಡಿನಲ್ಲಿ ನರ್ಸ್. ಅಲ್ಲಿ ನೀವು, ನಾನು, ತಾಂಡಾದವರು ಎಲ್ಲ ಒಂದೇ ಪಟ್ಟಿ, ದಕ್ಷಿಣ ಏಷ್ಯಾದವರು. ಬಿಳಿಯರಿಗೆ ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕದ ಲೆಕ್ಕ, 25 ದಾಟಿದರೆ ಎಚ್ಚರಿಸುತ್ತಾರೆ, ನಮಗೆ 23ಕ್ಕೇ. ಆಫ್ರಿಕಾ ಮೂಲದವರಿಗೆ ಶುಗರ್ ಇಲ್ಲದಿದ್ದರೆ ಸಾಮಾನ್ಯವಾಗಿ ಅಮ್ಲೋಡಿಪಿನ್ ಗುಂಪಿನ ಮಾತ್ರೆಯಿಂದಲೇ ಬಿಪಿ ಚಿಕಿತ್ಸೆ ಶುರು. ಆದರೆ ಮಾತ್ರೆ ಬಿಡುವವರು ಅಲ್ಲೂ ಇದ್ದಾರಂತೆ. ಭಾಷೆ ಬಾರದ ಅಜ್ಜಿಯರು ಅಲ್ಲೂ "ಯೆಸ್, ಯೆಸ್" ಅಂದು ಮನೆಗೆ ಹೋಗುತ್ತಾರಂತೆ.

ನಮ್ಮ ಮನೆಯಲ್ಲಿ ತೊಂದರೆ ರಂಜಾನ್‌ನಲ್ಲಿ. ಅಬ್ಬಾ ರೋಜಾ ಅಂತ ಮಾತ್ರೆಯನ್ನೇ ಬಿಟ್ಟಿದ್ದರು. ಈಗ ಒಂದು ತಿಂಗಳು ಮುಂಚೆಯೇ ಡಾಕ್ಟರನ್ನು ಕೇಳುತ್ತೇವೆ. ದಿನಕ್ಕೊಂದರ ಮಾತ್ರೆಯನ್ನು ಇಫ್ತಾರ್ ಹೊತ್ತಿಗೆ ಬದಲಿಸಿಕೊಟ್ಟರು. ಮೂತ್ರ ಜಾಸ್ತಿ ಹೋಗಿಸುವ ಮಾತ್ರೆ ಇದ್ದರೆ ನೀವಾಗಿ ಹೊತ್ತು ಬದಲಿಸಬೇಡಿ, ಕೇಳಲೇಬೇಕು.

ನ್ಯಾಮತಿ ಕಡೆಯಿಂದ ಮತ್ತೆ:
ಎಲ್ಲರಿಗೂ ಥ್ಯಾಂಕ್ಸ್. ಬಳೆ ತೆಗೆಯಲು ಯಾಡಿ ಒಪ್ಪಲೇ ಇಲ್ಲ. ಅಕ್ಕ ಸೋಪು ಹಚ್ಚಿ ಎರಡು ಜಾರಿಸಿದಳು. ಕೂರಿಸಿ ಅಳೆಸಿದೆವು, 162/96. ಕಮ್ಮಿಯೇನಲ್ಲ, ಮಾತ್ರೆ ಬೇಕೇ ಬೇಕು ಅಂದರು. ಕಾಲು ಊದುತ್ತದೆ ಅಂತಲೇ ಬಿಟ್ಟಿದ್ದಳಂತೆ, ನಮಗೆ ಹೇಳಿರಲಿಲ್ಲ. ಬೇರೆ ಮಾತ್ರೆ ಬರೆದಿದ್ದಾರೆ. ಮೂಗುದಾರದ ಮಾತು ಹೇಳಿದೆ, "ನಾನೇನು ಎತ್ತಾ?" ಅಂದಳು, ಆದರೂ ನುಂಗಿದಳು. ಕಡ್ಡಿಪುಡಿ ವಿಷಯ ಎತ್ತಲು ಇನ್ನೂ ಧೈರ್ಯ ಬಂದಿಲ್ಲ.