ಟಾಪರ್ ದೆವ್ವದ ಸರಣಿ: ಎರಡು ರಾತ್ರಿ, ಮೂರು ಸಿನಿಮಾ, ಯಾವುದನ್ನ ಬಿಡೋದು?

ಶನಿವಾರದಶೋ: ಅಪಾರ್ಟ್‌ಮೆಂಟ್ ಟೆರೇಸಲ್ಲಿ ಪ್ರೊಜೆಕ್ಟರ್ ಹಾಕಿ ಹಳೇ ಹಾಲಿವುಡ್‌ನ ಕಪ್ಪುಬಿಳುಪು ದೆವ್ವದ ಕಾಮಿಡಿ ಸರಣಿ ಟಾಪರ್ ತೋರಿಸೋ ಪ್ಲಾನ್ ಇದೆ. ಎರಡೇ ರಾತ್ರಿ ಸಿಕ್ಕಿದೆ. ಯಾವುದನ್ನ ಬಿಡಲಿ? ಮಕ್ಕಳಿರ್ತಾರೆ, ಕಲರ್ ಪ್ರಿಂಟ್ ಹಾಕಬಹುದಾ?

ಬಿಳಿಪರದೆ: ಎರಡನೇದನ್ನ ಕಣ್ಣುಮುಚ್ಚಿ ಬಿಡಿ. 1937ರದ್ದು 97 ನಿಮಿಷ. ಕಾರು ಅಪಘಾತದಲ್ಲಿ ಸತ್ತ ಕರ್ಬಿ ದಂಪತಿ ಒಂದಾದರೂ ಪುಣ್ಯದ ಕೆಲಸ ಮಾಡಬೇಕು ಅಂತ ಬ್ಯಾಂಕರ್ ಟಾಪರ್‌ನ ಬೆನ್ನು ಹತ್ತೋದೇ ಸರಣಿಯ ಬಂಡವಾಳ. ಮುಂದಿನದರಲ್ಲಿ ಗಂಡ ಕರ್ಬಿಯಾಗಿದ್ದ ಕ್ಯಾರಿ ಗ್ರಾಂಟ್ ಇರೋದು ಹಳೇ ತುಣುಕುಗಳಲ್ಲಿ ಮಾತ್ರ. ಅವನಿಗೋಸ್ಕರ ಬಂದೋರು ಹತ್ತು ನಿಮಿಷಕ್ಕೆ ಎದ್ದು ಹೋಗ್ತಾರೆ.

ನಾಯಿಪಕ್ಷ: ಗ್ರಾಂಟ್ ಇಲ್ಲದಿದ್ರೆ ಸಿನಿಮಾನೇ ಅಲ್ವಾ? 1938ರ ಟಾಪರ್ ಟೇಕ್ಸ್ ಎ ಟ್ರಿಪ್ ಕೋರ್ಟ್ ಸೀನಿನಲ್ಲೇ ಹಿಂದಿನ ಕಥೆ ಮುಗಿಸುತ್ತೆ. ಹೊಸಬರಿಗೆ ಅದಕ್ಕಿಂತ ಸಲೀಸು ಯಾವುದಿದೆ? ಬರೀ 80 ನಿಮಿಷ. ಕಾನ್‌ಸ್ಟನ್ಸ್ ಬೆನೆಟ್ (ಕರ್ಬಿ ಹೆಂಡತಿ), ರೋಲೆಂಡ್ ಯಂಗ್ (ಟಾಪರ್) ಇಬ್ಬರೂ ಇದ್ದಾರೆ, ಜೊತೆಗೆ ದೆವ್ವದ ನಾಯಿ. ಪತ್ತೇದಾರಿ ಸಿನಿಮಾ ಥಿನ್ ಮ್ಯಾನ್‌ನಲ್ಲಿ ಆಸ್ಟಾ ಅನ್ನೋ ನಾಯಿ ಆಗಿದ್ದ ಸ್ಕಿಪ್ಪಿನೇ ಅದು. ಮಕ್ಕಳು ಕೂರೋದು ನಾಯಿಗೆ, ಗ್ರಾಂಟ್‌ಗಲ್ಲ. ರಾಯ್ ಸೀರೈಟ್ ಮಾಡಿದ ಟ್ರಿಕ್ ಕೆಲಸ ಆಸ್ಕರ್ ನಾಮಿನೇಷನ್‌ವರೆಗೆ ಹೋಗಿತ್ತು. ನಿಮ್ಮ ಮೊದಲನೇದಕ್ಕೆ ಆ ವಿಭಾಗದಲ್ಲಿ ಏನೂ ಇಲ್ಲ.

ಬಿಳಿಪರದೆ: 1937ರಲ್ಲಿ ಆ ವಿಭಾಗವೇ ಇರಲಿಲ್ಲ ಸ್ವಾಮಿ. ರೋಲೆಂಡ್ ಯಂಗ್‌ಗೂ ಸೌಂಡಿಗೂ ನಾಮಿನೇಷನ್ ಬಂತು, ಅದನ್ನೂ ಬರೀರಿ.

ಹಳೆಪ್ರಿಂಟ್: ಮೂರನೇದಕ್ಕೆ ಕೈ ಹಾಕೋ ಮುಂಚೆ ಪ್ರಿಂಟ್ ನೋಡಿ. 1941ರ ಟಾಪರ್ ರಿಟರ್ನ್ಸ್‌ಗೆ ಅಮೆರಿಕದಲ್ಲಿ ಕಾಪಿರೈಟ್ ನವೀಕರಿಸಲಿಲ್ಲ. ಹಾಗಾಗಿ ಯಾರು ಬೇಕಾದ್ರೂ ಅಚ್ಚು ಹಾಕಿದ್ರು, ಕಾಪಿಯ ಕಾಪಿಯೇ ಓಡಾಡ್ತಿದೆ. ಕಥೆ ನಡೆಯೋದೇ ಕತ್ತಲ ಬಂಗಲೆಯಲ್ಲಿ. ಕಪ್ಪೆಲ್ಲಾ ಮುದ್ದೆಯಾದ ಪ್ರಿಂಟಿನಲ್ಲಿ ಯಾರು ಯಾವ ಗುಪ್ತದ್ವಾರದಿಂದ ಬಂದ್ರು ಅಂತ ಗೊತ್ತೇ ಆಗಲ್ಲ, ತಮಾಷೆ ಅಲ್ಲೇ ಸತ್ತುಹೋಗುತ್ತೆ. ಅವಧಿ 88 ನಿಮಿಷ ಇರಬೇಕು. 84ರ ಆಸುಪಾಸು ಬಂದು ದನಿ ಕೊಂಚ ಕೀಚಲಾದ್ರೆ ಅದು ಪಾಲ್ (ಯುರೋಪ್, ಭಾರತದ ಹಳೇ ಟಿವಿ ಪದ್ಧತಿ) ಡಿಸ್ಕಿನದ್ದು, 24 ಫ್ರೇಮು 25ರಲ್ಲಿ ಓಡ್ತಿದೆ, ಸೀನ್ ಕತ್ತರಿಸಿಲ್ಲ. ಅಂಚಲ್ಲಿ ಬಾಚಣಿಗೆ ಹಲ್ಲಿನಂಥ ಗೆರೆ ಬಂದ್ರೆ ಪ್ಲೇಯರಲ್ಲಿ ಡಿಇಂಟರ್‌ಲೇಸ್ ಆನ್ ಮಾಡಿ. ಪ್ರೊಜೆಕ್ಟರ್ 4:3ರಲ್ಲಿಡಿ. 16:9ಕ್ಕೆ ಎಳೆದ್ರೆ ಎಲ್ಲರೂ ದಪ್ಪ, ಜೂಮ್ ಮಾಡಿದ್ರೆ ತಲೆಯೇ ಇಲ್ಲ. ಮೋಷನ್ ಸ್ಮೂದಿಂಗ್ ಆಫ್.

ಬಿಳಿಪರದೆ: ಅದರಲ್ಲಿ ಕರ್ಬಿಗಳೇ ಇಲ್ಲ. ಜೋನ್ ಬ್ಲಾಂಡೆಲ್ ಕೊಲೆಯಾಗಿ ದೆವ್ವ ಆಗಿ ಕೊಲೆಗಾರನ್ನ ಹುಡುಕೋ ಪತ್ತೇದಾರಿ. ಹೆಸರಿಗಷ್ಟೇ ಟಾಪರ್.

ಹಳೆಪ್ರಿಂಟ್: ಹಾಗಾದ್ರೆ ಒಂದನೇದು ನೋಡಿರದವರೂ ನೋಡಬಹುದು. ಅದು ದೋಷ ಹೇಗಾಗುತ್ತೆ?

ಬಣ್ಣಗಾರ: ಕಲರ್ ಬಗ್ಗೆ ಯಾರೂ ಬಾಯೇ ಬಿಟ್ಟಿಲ್ಲ. 1985ರಲ್ಲಿ ಕಂಪ್ಯೂಟರಲ್ಲಿ ಬಣ್ಣ ಹಾಕಿಸಿಕೊಂಡ ಮೊದಲ ಕಪ್ಪುಬಿಳುಪು ಕಥಾಚಿತ್ರ 1937ರ ಟಾಪರ್. ಮಕ್ಕಳಿಗೆ ಅದೇ ಹಾಕಿ.

ಹಳೆಪ್ರಿಂಟ್: ದಯವಿಟ್ಟು ಬೇಡ. ದೆವ್ವ ಕರಗೋ ಶಾಟು ಡಬಲ್ ಎಕ್ಸ್‌ಪೋಷರ್, ಅಂದ್ರೆ ಒಂದರ ಮೇಲೊಂದು ಎರಡು ಚಿತ್ರ: ಮೈ ಬೂದು, ಅದರ ಹಿಂದಿನ ಗೋಡೆಯೂ ಬೂದು, ಎರಡೂ ಒಂದರೊಳಗೊಂದು. ಅದಕ್ಕೆ ಚರ್ಮದ ಬಣ್ಣ ಬಳಿದ್ರೆ ಗೋಡೆಗೂ ಅಂಟುತ್ತೆ. ಬಣ್ಣದ ದೆವ್ವವೇ ಬೇಕಂದ್ರೆ 1945ರ ಬ್ಲೈತ್ ಸ್ಪಿರಿಟ್ ಹಾಕಿ. ಡೇವಿಡ್ ಲೀನ್ ನಿರ್ದೇಶನ, ಅಸಲಿ ಟೆಕ್ನಿಕಲರ್, ಹಸಿರು ಮೇಕಪ್ಪಿನ ದೆವ್ವದ ಹೆಂಡತಿ. ಟ್ರಿಕ್ ಕೆಲಸಕ್ಕೆ ಆಸ್ಕರ್ ಗೆದ್ದಿದ್ದು ಅದು.

ನಾಯಿಪಕ್ಷ: ಕೇಳಿದ್ದು ಟಾಪರ್. ಡ್ರಾಯಿಂಗ್ ರೂಮ್ ನಾಟಕ ಅಲ್ಲ.

ಹಳೆಪ್ರಿಂಟ್: ಬ್ಲೈತ್ ಸ್ಪಿರಿಟ್‌ನಲ್ಲಿ ನಟಿ ಮಾರ್ಗರೆಟ್ ರದರ್‌ಫರ್ಡ್ ಸೈಕಲ್ಲಲ್ಲಿ ಬರೋದು ಡ್ರಾಯಿಂಗ್ ರೂಮಿನೊಳಗಾ?